ಗೌಡಸಾನಿ ನೋಡುತ್ತಿದ್ದ ಕಡೆ

ಯಪ್ಪಾ,

ಸ್ಟುಡಿಯೊದ ಮುಂದಿನ ಗಾಜಿನೊಳಗೆ ನೀನು ತೂಗುಹಾಕಿದ್ದ ದೊಡ್ಡ ಫ್ರೇಮನ್ನು ಹೋದ ತಿಂಗಳು ಇಳಿಸಿಬಿಟ್ಟೆ. ಅದೇ, ಬಾಯಿ ತೆರೆದ ಮೊಸಳೆಯದು. ತೀನ್ ಕಂದೀಲು ಸರ್ಕಲ್ಲಿನ ಕಡೆಯಿಂದ ಬರುವವರಿಗೆಲ್ಲ ಕಾಣಲಿ ಎಂದು ನೀನೇ ಸ್ಟೂಲು ಹತ್ತಿ, ಏದುಸಿರು ಬಿಡುತ್ತ ಮೊಳೆ ಹೊಡೆದಿದ್ದೆ. ನಾನು ಹೊಡೆಯುತ್ತೇನೆ ಎಂದರೂ ಸುತ್ತಿಗೆ ಕೊಟ್ಟಿರಲಿಲ್ಲ. ಆಮೇಲೆ ಪಾಸ್‌ಪೋರ್ಟ್ ಫೋಟೊಕ್ಕೆಂದು ಬಂದವರು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಷ್ಟರಲ್ಲಿ "ಅದು ನನ ಮಗಳು ತೆಗದದ್ದು ನೋಡ್ರಿ" ಎಂದು ಹೇಳದೆ ನೀನು ಯಾರನ್ನೂ ಬಿಟ್ಟವನಲ್ಲ. ಈಗ ಹಿಂದಿನ ಹಲಗೆಯ ಮೇಲೆ ಬಿಸಿಲು ತಾಗದ ಒಂದು ಚೌಕ ಉಳಿದಿದೆ. ಅವ್ವ ಅದನ್ನು ನೋಡಿ, "ನಿಮ್ಮಪ್ಪ ಹಾಕಿದ್ದನ್ನ ತೆಗದೆಲ್ಲಬೇ" ಎಂದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅವಳಿಗೆ ಕಾರಣ ಹೇಳಿಯಾಯಿತು. ನಿನಗೆ ಹೇಳುವುದು ಉಳಿದಿದೆ. ನೀನು ಹೋಗಿ ಒಂದೂವರೆ ವರ್ಷವಾಯಿತು. ಅಂಗಡಿಯ ಬಾಗಿಲು ತೆಗೆಯುವಾಗ, ಲೈಟು ಹಚ್ಚುವಾಗ, ನಿನ್ನ ಕುರ್ಚಿಯ ಮೇಲಿನ ಧೂಳು ಹೊಡೆಯುವಾಗ ಏನೇನೋ ಹೇಳುತ್ತಲೇ ಬಂದಿದ್ದೇನೆ, ಇದೊಂದನ್ನು ಬಿಟ್ಟು. ಬಾಯಲ್ಲಿ ಹೇಳಹೊರಟರೆ ನಡುವೆ ಎಲ್ಲೋ ಒಂದು ಸುಳ್ಳು ಸೇರಿಸಿ ಚೆಂದ ಮಾಡಿಬಿಡುತ್ತೇನೆ ಎಂದು ಭಯ. ನನ್ನ ಬಾಯಿ ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಧನುರ್ಮಾಸ ಬಂದರೆ ಸಾಕು, ನಿನ್ನ ಕಾಲು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ, ನೆನಪಿದೆಯಾ? ಲಗ್ನಗಳಿಲ್ಲದ ತಿಂಗಳು. ಉಳಿದ ಸ್ಟುಡಿಯೊದವರು ನೊಣ ಹೊಡೆಯುತ್ತ ಕೂತಿರುವಾಗ ನೀನು ಕ್ಯಾಮೆರಾ ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. "ನಮಗ ಸೂಟಿ ಇದ್ದಾಗ ಮೊಸಳಿಗಳಿಗೆ ಸೀಜನ್ ಬೇ" ಎನ್ನುತ್ತಿದ್ದೆ. ಚಳಿಗೆ ಅವು ನೀರು ಬಿಟ್ಟು ಮರಳಿನ ದಿಬ್ಬದ ಮೇಲೆ ಬಿಸಿಲಿಗೆ ಮೈಚಾಚಿ ಮಲಗುವ ಕಾಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ನನ್ನನ್ನು ಕರೆದುಕೊಂಡು ಹೋದೆ. ಗಬ್ಬೂರಿನ ತನಕ ಬಸ್ಸು, ಅಲ್ಲಿಂದ ಟಂಟಂ ಆಟೊ, ಆಮೇಲೆ ಕೃಷ್ಣೆಯ ದಂಡೆಯ ಮೇಲಿನ ಅವ್ವನ ತವರೂರು. ಸೋದರಮಾವನ ಹೆಂಡತಿ ಹುಲಿಗೆಮ್ಮತ್ತೆ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಲೆ ಹಿಡಿದು ನಾವಿಬ್ಬರು ದಂಡೆಯ ಜಾಲಿಗಿಡದ ಕೆಳಗೆ ಕೂತೆವು. ಆಚೆ ದಿಬ್ಬದ ಮೇಲೆ ಒಂದು ದೊಡ್ಡ ಮೊಸಳೆ. ಬಾಲದ ಮೇಲಿನ ಎರಡು ಮುಳ್ಳು ಮುರಿದಿದ್ದವು. "ನೋಡು, ಗೌಡಸಾನಿ ಹೆಂಗ ಕುಂತಾಳ, ಕೈಗೊಬ್ಬರು ಕಾಲಿಗೊಬ್ಬರು ಆಳು ಇದ್ದಂಗ" ಎಂದೆ ನೀನು. ಅಂದಿನಿಂದ ಅದರ ಹೆಸರು ಗೌಡಸಾನಿಯೇ ಆಯಿತು. ಊರವರೂ ಹಾಗೇ ಕರೆಯತೊಡಗಿದರು.

ನಾನು ಇನ್ನಷ್ಟು ಹತ್ತಿರ ಹೋಗೋಣ ಎಂದು ಹಟ ಹಿಡಿದೆ. ಮಾವನ ಹರಗೋಲು ದಂಡೆಗೆ ಕಟ್ಟಿತ್ತು, ಅದರಲ್ಲಿ ಹೋದರಾಯಿತಲ್ಲ ಎಂದೆ. ನೀನು ರೊಟ್ಟಿ ಮುರಿಯುತ್ತ ಕೂತಿದ್ದವನು ತಲೆ ಎತ್ತದೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ನಮ್ಮನ್ನ ನೋಡಿ ಅದು ನೀರಿಗೆ ಇಳೀತು ಅಂದ್ರ, ನಾವು ಫೋಟೊ ತೆಗಿಯಾಕ ಬಂದವರಲ್ಲಬೇ, ಅದರ ಬಿಸಲು ಕಸಗೊಳ್ಳಾಕ ಬಂದವರು." ಲಗ್ನದ ಫೋಟೊಕ್ಕೆಂದಿದ್ದ ನಿನ್ನ ಲೆನ್ಸಿನಲ್ಲಿ ಗೌಡಸಾನಿ ಬೆರಳುದ್ದ ಕಾಣುತ್ತಿದ್ದಳು. ಅಂಗಡಿಯಲ್ಲಿ ಆ ಫೋಟೊ ನೋಡಿದವರು, "ಏನ್ರಿ ಇದು, ಕಟ್ಟಿಗಿ ತುಂಡ?" ಎಂದು ಕಾಡಿಸಿದರೆ ನೀನೇನೂ ಸಿಟ್ಟಾಗುತ್ತಿರಲಿಲ್ಲ. "ದಿಟ್ಟಿಸಿ ನೋಡ್ರಿ, ಕಣ್ಣು ಅದ" ಎನ್ನುತ್ತಿದ್ದೆ. ನನಗೆ ಮಾತ್ರ ಒಳಗೊಳಗೇ ನಾಚಿಕೆಯಾಗುತ್ತಿತ್ತು. ನಮ್ಮಪ್ಪನ ಮೊಸಳೆ ಯಾಕೆ ಇಷ್ಟು ಸಣ್ಣದು?

ಮಾನ್ವಿಯ ಆ ಲಗ್ನವನ್ನೂ ಇಲ್ಲಿ ನೆನೆಯಬೇಕು. ಮೊದಲ ಸಲ ನನ್ನ ಕೈಗೆ ದೊಡ್ಡ ಕ್ಯಾಮೆರಾ ಕೊಟ್ಟು ನೀನು ವಿಡಿಯೊ ಹಿಡಿದಿದ್ದೆ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ನನ್ನ ಕ್ಯಾಮೆರಾದ ಬ್ಯಾಟರಿ ಹೋಯಿತು. ತಲೆ ಬಗ್ಗಿಸಿ ಬೇರೆಯದನ್ನು ಹಾಕಿ ತಲೆ ಎತ್ತುವಷ್ಟರಲ್ಲಿ ಅಕ್ಕಿಕಾಳು ಬಿದ್ದಾಗಿತ್ತು, ವಾಲಗ ಊದಿಯಾಗಿತ್ತು. ನಾನು ಗಾಬರಿಯಲ್ಲಿ, "ಇನ್ನೊಮ್ಮಿ ಕಟ್ಟಿದಂಗ ಮಾಡ್ರಿ" ಎಂದುಬಿಟ್ಟೆ. ಮದುಮಗ ಪಾಪ, ಕೈ ಎತ್ತಿಯೂ ಬಿಟ್ಟಿದ್ದ. ಎಲ್ಲ ಸ್ಟುಡಿಯೊದವರೂ ಹಾಗೆ ಮಾಡುತ್ತಾರೆ. ಹಾರ ಇನ್ನೊಮ್ಮೆ, ಅಕ್ಕಿಕಾಳು ಇನ್ನೊಮ್ಮೆ, ಅತ್ತು ಮುಗಿಸಿದ ಹೆಣ್ಣಿನ ತಾಯಿಗೂ ಇನ್ನೊಮ್ಮೆ ಅಳಿರಿ ಎನ್ನುವವರಿದ್ದಾರೆ. ನೀನು ವಿಡಿಯೊ ಬಿಟ್ಟು ಬಂದು ನಡುವೆ ನಿಂತೆ. "ಬ್ಯಾಡ್ರಿ. ಅಕ್ಕಿಕಾಳು ಬಿದ್ದಾವು. ತಪ್ಪು ನಮ್ದು" ಎಂದೆ.

ಆಲ್ಬಂನಲ್ಲಿ ಆ ಪುಟವನ್ನು ಖಾಲಿ ಬಿಟ್ಟೆಯಲ್ಲ ಯಪ್ಪಾ! ಯಾರಾದರೂ ಹಾಗೆ ಮಾಡುತ್ತಾರಾ? ಹೆಣ್ಣಿನ ತಂದೆ ಪುಟ ತಿರುವಿ, "ಇದೇನ್ರಿ, ಇಲ್ಲಿ ಏನೂ ಇಲ್ಲ?" ಎಂದು ರೇಗಿದರೆ, "ಅಲ್ಲಿ ತಾಳಿ ಕಟ್ಯಾರ್ರಿ, ನಾವು ನೋಡಿಲ್ಲ" ಎಂದು ಕೈಮುಗಿದೆ. ನಾನು ಪರದೆಯ ಹಿಂದೆ ನಿಂತು ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ನೀನು ನನ್ನನ್ನು ಬೈಯಲೂ ಇಲ್ಲ. ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸವೇ ನಿನಗಿರಲಿಲ್ಲ, ಒಂದು ಪ್ರಶ್ನೆಯನ್ನು ಎರಡು ಸಲ ಕೇಳುವುದಂತೂ ದೂರ ಉಳಿಯಿತು. ಕೇಳಿದಾಗ ಹೇಳಿದರೆ ಹೇಳಿದೆವು, ಇಲ್ಲದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಇದರ ಬೆಲೆ ಏನೆಂದು ನನಗೆ ಆಮೇಲೆ ತಿಳಿಯಿತು.

ನಿನ್ನ ದಮ್ಮು ಜೋರಾದ ಆ ಧನುರ್ಮಾಸ. ನೀನು ಬರಲಾಗದೆ ನನ್ನೊಬ್ಬಳನ್ನೇ ಕಳಿಸಿದೆ. "ಗೌಡಸಾನಿಗೆ ನಾ ಕೇಳೀನಿ ಅಂತ ಹೇಳು" ಎಂದು ಕೆಮ್ಮುತ್ತ ನಕ್ಕೆ. ಅಷ್ಟರಲ್ಲಿ ನನ್ನ ತಲೆ ಬೇರೆಯಾಗಿತ್ತು ಯಪ್ಪಾ. ಫೋನು ತೆರೆದರೆ ಸಾಕು, ಯಾರ್ಯಾರೋ ತೆಗೆದ ಹುಲಿಯ ಮೂಗು, ಹಾವಿನ ನಾಲಿಗೆ, ಮೊಸಳೆಯ ಒಂದೊಂದು ಹಲ್ಲು. ನಮ್ಮ ರಾಯಚೂರಿನಲ್ಲೇ ಫೋಟೊ ಪ್ರದರ್ಶನವೊಂದು ಇತ್ತು, ಅದಕ್ಕೆ ಕಳಿಸಬೇಕೆಂದು ಆಸೆ. ಬೆರಳುದ್ದದ ಮೊಸಳೆ ಹಿಡಿದು ಹೋದರೆ ಯಾರು ನೋಡುತ್ತಾರೆ? ಲಗ್ನದ ಫೋಟೊದವಳು ಎನ್ನುವ ಹೆಸರು ಬಿಟ್ಟು ಇನ್ನೊಂದು ಹೆಸರು ನನಗೆ ಬೇಕಾಗಿತ್ತು.

ಗಬ್ಬೂರಿನಲ್ಲಿ ಬಸ್ಸಿಳಿದು ಕೋಳಿ ಅಂಗಡಿಗೆ ಹೋದೆ. ತಲೆ, ಕಾಲು, ಕರುಳು, ಅವರು ಎಸೆಯುವುದನ್ನೆಲ್ಲ ಒಂದು ಕರಿ ಕ್ಯಾರಿಬ್ಯಾಗಿನಲ್ಲಿ ಹಾಕಿಕೊಟ್ಟರು. ಊರಿನ ಹೆಂಗಸರು ಅರಿವೆ ಒಗೆಯುವ ಕಲ್ಲುಗಳಿವೆಯಲ್ಲ, ಅಲ್ಲಿ ದಂಡೆ ತಗ್ಗು, ಮಧ್ಯಾಹ್ನದ ಬೆಳಕು ಓರೆಯಾಗಿ ಬೀಳುತ್ತದೆ, ನನಗೆ ಮರೆಯಾಗಲು ಬಂಡೆಯೂ ಇದೆ. ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಆ ಚೀಲವನ್ನು ನೀರಿನ ಅಂಚಿಗೆ ಸುರಿದೆ. ಮೊದಲ ಭಾನುವಾರ ಗೌಡಸಾನಿ ಬರಲಿಲ್ಲ. ನಾನು ಹೋದಮೇಲೆ ಬಂದಿರಬೇಕು, ಮುಂದಿನ ವಾರಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಎರಡನೇ ಭಾನುವಾರ ಬಂದಳು, ಆದರೆ ಕಣ್ಣು ಮೂಗು ಮಾತ್ರ ಮೇಲೆ. ಹುಲಿಗೆಮ್ಮತ್ತೆ ದಾರಿಯಲ್ಲಿ ಸಿಕ್ಕವಳು ಚೀಲ ನೋಡಿ, "ಏನದ ಬೇ ಅದು?" ಎಂದಳು. "ಕ್ಯಾಮೆರಾದ ಸಾಮಾನು ಅತ್ತಿ" ಎಂದೆ. ಅವಳು ನಂಬಿದಳು. ನಮ್ಮ ಹುಡುಗಿ ಅಲ್ಲವಾ ನಾನು.

ಮೂರನೇ ಭಾನುವಾರ ಅವಳು ನನ್ನ ಕೈಯಲ್ಲಿನ ಚೀಲ ಕಂಡೊಡನೆಯೇ ದಿಬ್ಬದಿಂದ ಇಳಿದು ನೀರಿನಲ್ಲಿ ನೇರ ಗೆರೆ ಎಳೆದಂತೆ ಬಂದಳು. ಹೆದರಿ ನೀರಿಗಿಳಿಯುವುದನ್ನು ನೋಡಿದ್ದೆ, ಹಸಿದು ಇಳಿಯುವುದನ್ನು ನೋಡಿರಲಿಲ್ಲ. ಒಂದು ಮಂಚದ ಉದ್ದವಷ್ಟೇ ನಮ್ಮ ನಡುವೆ. ಬಾಯಿ ತೆರೆದಳು. ಮೊದಲ ಫೋಟೊ ಅಲುಗಿತು. ಆಗ ನಾನು ಏನಂದೆ ಗೊತ್ತಾ? ಯಾರೂ ಇಲ್ಲದ ಹೊಳೆಯ ದಂಡೆಯಲ್ಲಿ, ಒಂದು ಮೊಸಳೆಗೆ, ಬಾಯಿಬಿಟ್ಟು, "ಇನ್ನೊಮ್ಮಿ" ಅಂದೆ. ಎಡಕ್ಕೆ ಇಟ್ಟುಕೊಂಡಿದ್ದ ಚೀಲದಿಂದ ಇನ್ನೊಂದು ತಲೆ ತೆಗೆದು ಎಸೆದೆ. ಅವಳು ಇನ್ನೊಮ್ಮೆ ಬಾಯಿ ತೆರೆದಳು. ನೀನು ತೂಗುಹಾಕಿದ್ದು ಆ ಎರಡನೆಯದನ್ನು.

ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ನೋಡಿದವರೆಲ್ಲ ಒಂದೇ ಮಾತು ಕೇಳಿದರು, "ಅಂಜಿಕಿ ಆಗಲಿಲ್ಲೇನ್ರಿ?" ನಾನು ಬೀಗಿದೆ. ನನ್ನ ಧೈರ್ಯದ ಬಗ್ಗೆ ಎಲ್ಲರೂ ಕೇಳಿದರು, ಅದು ಅಷ್ಟು ಹತ್ತಿರ ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ನೀನು ಒಬ್ಬನೇ ಕೇಳಿದ್ದು. ಫ್ರೇಮು ತಂದ ದಿನ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದೆ. "ಛಲೋ ಬಂದದ" ಎಂದೆ. ಆಮೇಲೆ ಬೆರಳು ಗಾಜಿನ ಮೇಲಿಟ್ಟು, "ಇದರ ಮಕ ಕ್ಯಾಮೆರಾದ ಕಡಿ ಇಲ್ಲಲ್ಲಬೇ. ಒಂದೀಟು ಎಡಕ್ಕದ. ಎಡಕ್ಕ ಏನಿತ್ತು?" ಎಂದೆ.

ಮೂವತ್ತು ವರ್ಷ ಮದುಮಕ್ಕಳ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಿದವನು ನೀನು. ನಿನ್ನ ಮುಂದೆ ನಿಂತು ನಾನು, "ಏನಿಲ್ಲ ಯಪ್ಪಾ, ಕಲ್ಲು" ಎಂದೆ. ನೀನು "ಹೌದಾ" ಎಂದೆ. ಅಷ್ಟೇ. ಸ್ಟೂಲು ತೆಗೆದುಕೊಂಡು ಬಾ ಎಂದೆ, ಮೊಳೆ ಹೊಡೆದೆ.

ಈಗ ನೀನು ಕೇಳದ ಸುದ್ದಿ. ಆ ವರ್ಷ ಯುಗಾದಿ ಮುಗಿದು ಹದಿನೈದು ದಿನಕ್ಕೆ ಹುಲಿಗೆಮ್ಮತ್ತೆ ಬೆಳಿಗ್ಗೆ ಅರಿವೆ ಒಗೆಯಲು ಹೋದಳು. ಸೋಪು, ಬ್ರಷ್ಷು, ಮಾವನ ಎರಡು ಅಂಗಿ, ಎಲ್ಲ ಒಂದು ಕರಿ ಕ್ಯಾರಿಬ್ಯಾಗಿನಲ್ಲಿದ್ದವು. ಕಲ್ಲಿನ ಮೇಲೆ ಕೂತು ಚೀಲವನ್ನು ನೀರಿನ ಕಡೆ ಇಟ್ಟು ಅದರೊಳಗೆ ಕೈ ಹಾಕಿದ್ದಾಳೆ. ಗೌಡಸಾನಿ ಬಂದು ಚೀಲಕ್ಕೆ ಬಾಯಿ ಹಾಕಿದಳು. ಚೀಲದ ಜೊತೆ ಅತ್ತೆಯ ಬಲಗೈಯ ಎರಡು ಬೆರಳು ಹೋದವು. ಪಕ್ಕದ ಕಲ್ಲಿನವರು ಕೂಗಿ, ಅರಿವೆ ಬಡಿಯುವ ಬಡಿಗೆಯಿಂದ ಮೊಸಳೆಯನ್ನು ಹೊಡೆದು ಅತ್ತೆಯನ್ನು ಎಳೆದುಕೊಂಡರು. ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಸಿಗುವ ಆಸ್ಪತ್ರೆಯಲ್ಲೇ ಹನ್ನೊಂದು ದಿನ ಇದ್ದಳು ಯಪ್ಪಾ. ನೀನು ಆಗಲೇ ಹಾಸಿಗೆ ಹಿಡಿದಿದ್ದೆ. ಅವ್ವನೂ ನಾನೂ ಸೇರಿ ನಿನಗೆ ಹೇಳಲಿಲ್ಲ. "ಎಲ್ಲಾರೂ ಬಂದು ನೋಡಿ ಹೋದ್ರು, ಹುಲಿಗೆಮ್ಮ ಯಾಕ ಬರಲಿಲ್ಲ?" ಎಂದು ಒಂದು ದಿನ ಕೇಳಿದೆ. "ಮನ್ಯಾಗ ಕೆಲಸ ಅದಂತ" ಎಂದಳು ಅವ್ವ. ನೀನು ನನ್ನ ಮುಖ ನೋಡಿದೆ. ನಾನು ನಿನ್ನ ಔಷಧದ ಬಾಟಲಿ ನೋಡಿದೆ.

ಊರವರು ಗೌಡಸಾನಿಗೆ ಹುಚ್ಚು ಹಿಡಿದಿದೆ ಎಂದರು. ಅರಣ್ಯದವರು ಬಂದು ಬಲೆ ಹಾಕಿ, ಹಗ್ಗ ಬಿಗಿದು, ಕಣ್ಣಿಗೆ ಒದ್ದೆ ಗೋಣಿಚೀಲ ಮುಚ್ಚಿ ಟ್ರ್ಯಾಕ್ಟರಿನಲ್ಲಿ ಹಾಕಿದರು. ದೂರದ ಒಂದು ಮಡುವಿಗೆ ಬಿಟ್ಟರಂತೆ. ಅವತ್ತು ನಾನೂ ಅಲ್ಲಿದ್ದೆ. "ನೀನs ತೆಗಿ ಯವ್ವಾ, ನೀನ ಮೊಸಳಿ ಫೋಟೊದಾಕಿ" ಎಂದು ಊರವರು ಮುಂದೆ ದೂಡಿದರು. ಬ್ಯಾಟರಿ ಇಲ್ಲ ಎಂದೆ. ನಾನು ಏಳನೇ ಕ್ಲಾಸಿನಿಂದ ನೋಡಿದ ಜೀವ ಅದು. ಅದರ ಬಾಯಿಯನ್ನು ಹಗ್ಗದಿಂದ ಸುತ್ತುವಾಗ, ಇದನ್ನು ತೆರೆಸಿದವಳು ಇಲ್ಲಿ ನಿಂತಿದ್ದಾಳೆ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಇವತ್ತಿಗೂ ಸುಮ್ಮನಿರುತ್ತಿದ್ದೆನೇನೋ. ಆದರೆ ಅತ್ತೆಯ ಲೆಕ್ಕವೇ ಬೇರೆಯಾಗಿತ್ತು. ಆ ವರ್ಷ ಮೊಮ್ಮಗಳ ತೊಟ್ಟಿಲ ಗಡಿಬಿಡಿಯಲ್ಲಿ ಅವಳು ಹೊಳೆಗೆ ಗಂಗಾಪೂಜೆ ಮಾಡುವುದನ್ನು ಬಿಟ್ಟಿದ್ದಳಂತೆ. "ಗಂಗವ್ವ ಸಿಟ್ಟಾಗ್ಯಾಳ, ಎರಡು ಬೆರಳಿಗೆ ಬಿಟ್ಟಾಳ" ಎಂದು ಅವಳ ನಂಬಿಕೆ. ಅಂದಿನಿಂದ ಪ್ರತಿ ಶುಕ್ರವಾರ ಒಪ್ಪತ್ತು. ಆ ಕಲ್ಲುಗಳ ಕಡೆ ಈಗ ಯಾರೂ ಹೋಗುವುದಿಲ್ಲ. ಅರಿವೆ ಗಂಟು ಹೊತ್ತು ಊರಾಚೆಯ ಬೋರಿನ ತನಕ ನಡೆಯುತ್ತಾರೆ. ಇಡೀ ಊರಿಗೆ ತೊಂದರೆಯಾದದ್ದು ತನ್ನಿಂದಲೇ ಎಂದು ಅತ್ತೆ ಬೇರೆ ಹೆಂಗಸರ ಮುಂದೆ ತಗ್ಗಿ ನಡೆಯುವುದನ್ನು ನಾನು ನೋಡಿದೆ. ನೋಡಿ, ಅವಳ ಮನೆಯಲ್ಲೇ ರೊಟ್ಟಿ ತಿಂದು, ಸಂಜೆಯ ಬಸ್ಸು ಹತ್ತಿ ರಾಯಚೂರಿಗೆ ಬಂದೆ. ಒಂದು ಸಲವಲ್ಲ. ಎಷ್ಟು ಸಲ ಎಂದು ಹೇಳಲು ನಾಚಿಕೆಯಾಗುತ್ತದೆ.

ಹೋದ ತಿಂಗಳು ಒಂದು ಜೋಡಿ ಬಂತು. ಹುಡುಗ ಶಕ್ತಿನಗರದಲ್ಲಿ ಕೆಲಸಕ್ಕಿರುವವನು, ಹುಡುಗಿ ಚಂದ್ರಬಂಡದವಳು. ಲಗ್ನಕ್ಕೆ ಮುಂಚಿನ ಫೋಟೊ ಬೇಕಂತೆ. ನಿನ್ನ ಫ್ರೇಮಿನ ಮುಂದೆ ನಿಂತು ಹುಡುಗ, "ಅಕ್ಕಾರ, ಹೊಳಿ ದಂಡಿಗೆ ನಾವಿಬ್ರು ನಿಂತಿರ್ತೀವಿ, ಹಿಂದ ಹಿಂಗ ಬಾಯಿ ತಗದ ಮೊಸಳಿ ಬರಬೇಕ್ರಿ. ಕೋಳಿ ಹಾಕಿದ್ರ ಬರ್ತಾವಂತಲ್ರಿ" ಎಂದ. ಹುಡುಗಿ ಅವನ ತೋಳು ಜಿಗುಟಿ ನಗುತ್ತಿದ್ದಳು. ಕೈಗೆ ಇನ್ನೂ ನಿಶ್ಚಯದ ಮದರಂಗಿ ಇತ್ತು. ಹತ್ತು ಬೆರಳು. ಯಾಕೋ ಎಣಿಸಿದೆ.

ಆಗುವುದಿಲ್ಲ ಎಂದೆ. "ನೀವು ತಗದೀರಿ, ನಮಗ್ಯಾಕ ಒಲ್ಲೆ ಅಂತೀರಿ?" ಎಂದ ಹುಡುಗ. ಅವನ ಮಾತಿನಲ್ಲಿ ತಪ್ಪೇನಿತ್ತು ಹೇಳು? ಗೌಡಸಾನಿ ನನ್ನ ಮೇಲೆ ಹಾಯಲಿಲ್ಲ, ಅದಕ್ಕೆ ನಾನು ಧೈರ್ಯಸ್ಥೆ. ನಾನಾದರೋ ಫೋಟೊ ತೆಗೆದು ಬಸ್ಸು ಹತ್ತುವವಳು. ಮರುದಿನ ಬೆಳಿಗ್ಗೆ ಅದೇ ಕಲ್ಲಿಗೆ ಬಂದು ಕೂರುವವರ ಪಾಲಿಗೆ ನನ್ನ ಅಂಜಿಕೆಯನ್ನು ಬಿಟ್ಟು ಬಂದಿದ್ದೆ. ನಿನ್ನ ಫೋಟೊದಲ್ಲಿ ಮೊಸಳೆ ಸಣ್ಣದು, ಹೊಳೆ ದೊಡ್ಡದು. ನನ್ನದರಲ್ಲಿ ಹೊಳೆಯೇ ಇಲ್ಲ ಯಪ್ಪಾ. ಇಷ್ಟು ದಿನ ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಅವರು ಹೋದ ಮೇಲೆ ಫ್ರೇಮು ಇಳಿಸಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಮರುದಿನವೇ ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಹತ್ತಿದೆ. ಕಂಡಕ್ಟರ್, "ಏನದರಿ, ದೇವರ ಫೋಟೊ?" ಎಂದು ತನ್ನ ಸೀಟಿನ ಪಕ್ಕ ಜೋಪಾನವಾಗಿ ಇಟ್ಟುಕೊಂಡ. ಅಲ್ಲ ಎನ್ನಲಾಗಲಿಲ್ಲ.

ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿನಗೆ ನೆನಪಿರಬೇಕು, ನೀನು ಹೊರಗೆ ಕಟ್ಟೆಯ ಮೇಲೆ ಕೂತು ತಾಳ ಹಾಕುತ್ತಿದ್ದೆ. ಈಗ ಅದು ಹಾಗಿಲ್ಲ. ಎರಡು ಬಡಿತ ಸರಿಯಾಗಿ ಬೀಳುತ್ತವೆ, ಮೂರನೆಯದಕ್ಕೆ ಕೈ ಜಾರುತ್ತದೆ. ನಾನು ಫ್ರೇಮು ಬಿಚ್ಚಿ ಅವಳ ಮುಂದೆ ಇಟ್ಟು ಎಲ್ಲ ಹೇಳಿದೆ. ಕೋಳಿ ಅಂಗಡಿ, ಮೂರು ಭಾನುವಾರ, ಕ್ಯಾಮೆರಾದ ಸಾಮಾನು ಎಂದ ಸುಳ್ಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು, ಅವಳು ತೆಗೆಯಲಿಲ್ಲ.

"ಕರಿ ಚೀಲೇನ?" ಎಂದಳು.

"ಹೂಂ ಅತ್ತಿ."

"ನನ ಚೀಲೂ ಕರೇದs ಇತ್ತು."

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಕೈಯ ಹಿಟ್ಟು ಒರೆಸಿಕೊಂಡು, ತಗ್ಗಿದ ದನಿಯಲ್ಲಿ, "ಗಂಗವ್ವಗ ನಾ ಎಷ್ಟು ಶುಕ್ರವಾರ ತಪ್ಪಾತು ಅಂತ ಗಲ್ಲಾ ಗಲ್ಲಾ ಬಡಕೊಂಡೀನಿ ನಿನಗ ಗೊತ್ತೇನ? ನೀ ಇಲ್ಲೇ ಕುಂತು ಉಂಡು ಹೋಗ್ತಿದ್ದಿ. ನೋಡ್ಕೊಂತ ಉಂಡಿ" ಎಂದಳು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು. "ಏಳು" ಎಂದಳು. "ನನ ಮುಂದ ಹೇಳಿದ್ರ ಆಗಂಗಿಲ್ಲ. ಊರ ಮುಂದ ಹೇಳು. ನನ್ನಿಂದ ಆಗೇದ ಅಂತ ಎಲ್ಲಾರೂ ತಿಳಕೊಂಡಾರ."

ಹನುಮಪ್ಪನ ಕಟ್ಟೆಯ ಮುಂದೆ ನಿಂತು ಹೇಳಿದೆ. ಮಾವ ತಲೆ ಬಗ್ಗಿಸಿ ಕೂತಿದ್ದ. ಒಬ್ಬರು, "ಓದಿದಾಕಿ, ನಿನಗಷ್ಟೂ ತಿಳೀಲಿಲ್ಲೇನ?" ಎಂದರು. ಇನ್ನೊಬ್ಬರು ನಿನ್ನ ಹೆಸರು ತೆಗೆದು ನನ್ನ ಮುಖಕ್ಕೆ ಉಗುಳುವಂತೆ ಮಾತಾಡಿದರು. ಎಲ್ಲ ಕೇಳಿಸಿಕೊಂಡೆ. ಅಲ್ಲಿಂದ ಅರಣ್ಯದವರ ಕಚೇರಿಗೂ ಹೋಗಿ ಬರೆದುಕೊಟ್ಟೆ. ಪ್ರದರ್ಶನದವರಿಗೆ ಬಹುಮಾನ ಮರಳಿಸಿ ಪತ್ರ ಹಾಕಿದ್ದೇನೆ. ಇಷ್ಟರಿಂದ ಅತ್ತೆಯ ಬೆರಳು ಬರುವುದಿಲ್ಲ, ಗೌಡಸಾನಿ ತನ್ನ ದಿಬ್ಬಕ್ಕೆ ಬರುವುದಿಲ್ಲ. ಗೊತ್ತು.

ಟಂಟಂ ಹತ್ತುವಾಗ ಅತ್ತೆ ಹಿಂದಿನಿಂದ ಬಂದಳು. ನನ್ನ ಮುಖ ನೋಡದೆ ರಸ್ತೆ ನೋಡುತ್ತ ಹೇಳಿದಳು. "ನಿಮ್ಮಪ್ಪ ಫೋನ್ ಮಾಡಿದ್ದ ಬೇ. ಯುಗಾದಿಗಿಂತ ಮೊದಲs. ನನ ಮಗಳು ಎಲ್ಲಿ ಕುಂತು ಫೋಟೊ ತಗದಾಳ ಅಂತ ಕೇಳಿದ. ಅರಿವಿ ಕಲ್ಲಿನ ಹಂತ್ಯಾಕ, ಕೈಯಾಗ ಒಂದು ಚೀಲ ಹಿಡಕೊಂಡು ಹೋಗ್ತಿದ್ದಳು ಅಣ್ಣ ಅಂದೆ. ತಂಗೆವ್ವಾ, ಆ ಕಲ್ಲಿಗೆ ಕೆಲವು ದಿನ ಹೋಗಬ್ಯಾಡ ಅಂದ. ನಾ ನಕ್ಕೆ. ಗೌಡಸಾನಿ ನಿನ್ನೆ ಮೊನ್ನಿ ಬಂದಾಕೇನು ಅಂದೆ. ಮತ್ತ ಏನೂ ಹೇಳಲಿಲ್ಲ ಅಂವ."

ನೀನು ತಿಳಿದುಕೊಂಡಿದ್ದೆಯಾ ಯಪ್ಪಾ? ಎಲ್ಲ ತಿಳಿದೂ ಸ್ಟೂಲು ಹತ್ತಿ ಮೊಳೆ ಹೊಡೆದೆಯಾ? ಅಥವಾ ಮೊಳೆ ಹೊಡೆದ ಮೇಲೆ ದಿನಾ ನೋಡುತ್ತ ನೋಡುತ್ತ... ಬಸ್ಸಿನಲ್ಲಿ ರಾಯಚೂರಿನ ತನಕ ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಬಂದೆ. ಕಿವಿ ಹಿಂಡಬೇಕಿತ್ತು. ಫ್ರೇಮನ್ನು ನನ್ನ ಮುಂದೆಯೇ ಕಲ್ಲಿಗೆ ಅಪ್ಪಳಿಸಬೇಕಿತ್ತು. ಅತ್ತೆಗೆ ಒಂದು ಸಲ ಹೇಳಿ ಸುಮ್ಮನಾದೆ, ನನ್ನನ್ನು ಒಂದು ಸಲ ಕೇಳಿ ಸುಮ್ಮನಾದೆ. ಲಗ್ನದ ಮನೆಯಲ್ಲಿ ಅದು ಸರಿ, ನಮ್ಮ ಮನೆಯಲ್ಲಿಯೂ ಯಾಕೆ? ನಾನಾಗಿ ಬಂದು ಹೇಳಲಿ ಎಂದು ಕಾದಿದ್ದೆಯಾ? ದಂಡೆಯ ಜಾಲಿಗಿಡದ ಕೆಳಗೆ ಕೂತಂತೆ, ಹತ್ತಿರ ಬಂದರೆ ನಾನು ನೀರಿಗೆ ಇಳಿದುಬಿಡುತ್ತೇನೆ ಎಂದು ದೂರವೇ ಕೂತೆಯಾ? ರಾಯಚೂರು ಸಮೀಪಿಸುವಾಗ ಸಿಟ್ಟು ಇಳಿದು ಅಳು ಬಂತು. ಪಕ್ಕದ ಸೀಟಿನವರು ಕಿಟಕಿ ಮುಚ್ಚಿದರು, ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದುಕೊಂಡು.

ನಿನ್ನ ಹಳೆಯ ಡಬ್ಬಿ ಹುಡುಕಿದೆ. ಬೆರಳುದ್ದದ ಗೌಡಸಾನಿಯರು ಎಷ್ಟೊಂದು ಜನ! ಅದರಲ್ಲಿ ಒಂದು ಫೋಟೊ ಸಿಕ್ಕಿತು. ಆಚೆ ದಿಬ್ಬದ ಮೇಲೆ ಗೌಡಸಾನಿ, ಈಚೆ ದಂಡೆಯ ಕಲ್ಲಿನ ಮೇಲೆ ಬಗ್ಗಿ ಅರಿವೆ ಒಗೆಯುವ ಹುಲಿಗೆಮ್ಮತ್ತೆ. ಇಬ್ಬರೂ ಕಡಲೆಕಾಯಿಯಷ್ಟು. ನಡುವೆ ಅಷ್ಟಗಲ ಹೊಳೆ, ಬಿಸಿಲು ಬಿದ್ದ ನೀರು. ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಅದನ್ನೇ ದೊಡ್ಡದು ಮಾಡಿಸಿ ಆ ಚೌಕದ ಜಾಗಕ್ಕೆ ತೂಗುಹಾಕಿದ್ದೇನೆ. ನಿನ್ನೆ ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರೊಬ್ಬರು, "ಏನ್ರಿ ಇದು, ಕಟ್ಟಿಗಿ ತುಂಡ?" ಎಂದರು. "ದಿಟ್ಟಿಸಿ ನೋಡ್ರಿ" ಎಂದೆ.

ಅತ್ತೆ ಒಂದು ತಿಂಗಳು ಮಾತಾಡಲಿಲ್ಲ. ಈಗ ಶುಕ್ರವಾರದ ಒಪ್ಪತ್ತು ಬಿಟ್ಟಿದ್ದಾಳೆ ಎಂದು ಅವ್ವನಿಂದ ತಿಳಿಯಿತು. ನಿನ್ನೆ ಮಧ್ಯಾಹ್ನ ಫೋನು ಬಂತು. ಹೇಗಿದ್ದೀ ಎನ್ನಲಿಲ್ಲ. "ಭಾನುವಾರ ಬಾ. ಅರಿವಿ ಗಂಟು ಅದ. ಬೋರಿನ ತನ ಹೊರಾಕ ನನಗ ಆಗವಲ್ದು" ಎಂದು ಇಟ್ಟುಬಿಟ್ಟಳು. ಹೋಗುತ್ತೇನೆ. ಈ ಭಾನುವಾರವೂ, ಅವಳು ಸಾಕು ಎನ್ನುವ ತನಕ ಪ್ರತಿ ಭಾನುವಾರವೂ. ಕ್ಯಾಮೆರಾ ಒಯ್ಯುವುದಿಲ್ಲ.

ಊರಿಗೆಲ್ಲ ಹೇಳಿದೆ ಯಪ್ಪಾ. ಅತ್ತೆಗೆ, ಅವ್ವನಿಗೆ, ಕಚೇರಿಯ ಗುಮಾಸ್ತನಿಗೆ ಕೂಡ. ಕೇಳಿದವನು ನೀನೊಬ್ಬನೇ, ನಿನಗೊಬ್ಬನಿಗೇ ಹೇಳಲಿಲ್ಲ. ಅಂಗಡಿ ತೆಗೆದೊಡನೆ ನಿನ್ನ ಕುರ್ಚಿಯ ಕಡೆ ನೋಡುತ್ತೇನೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೀನು ಗಾಜಿನ ಮೇಲೆ ಬೆರಳಿಟ್ಟಂತೆ ಅನಿಸುತ್ತದೆ. ಜೀವಮಾನದಲ್ಲಿ ಯಾರಿಗೂ ಇನ್ನೊಮ್ಮೆ ಎನ್ನದವನು ನೀನು. ನನ್ನ ಸಲುವಾಗಿ ಒಂದೇ ಒಂದು ಸಲ ಆ ನಿಯಮ ಮುರಿ. ಎಡಕ್ಕ ಏನಿತ್ತು ಅಂತ ಇನ್ನೊಮ್ಮಿ ಕೇಳು ಯಪ್ಪಾ.

ನಿನ್ನ ಮಗಳು